ಮೇಷ್ಟ್ರ ಕಾರಿಗೆ ಹಗುರ ಚಕ್ರ

ಟೈರಿನ ಅಂಗಡಿ ಇಟ್ಟವನು ನಗುವುದಕ್ಕೆಂದು ಎಲ್ಲಿಗೂ ಹೋಗಬೇಕಾಗಿಲ್ಲ. ನಗಿಸುವವರು ತಾವಾಗಿಯೇ ಗಾಡಿ ತಳ್ಳಿಕೊಂಡು ಬರುತ್ತಾರೆ. ಕೋಲಾರದಲ್ಲಿ ಇಪ್ಪತ್ತೈದು ವರ್ಷದಿಂದ ಅಂಗಡಿ ನಡೆಸುತ್ತಿದ್ದೇನೆ. ಟ್ರ್ಯಾಕ್ಟರ್ ಇರಲಿ, ಜೆಸಿಬಿ ಇರಲಿ, ಯಾವ ಚಕ್ರ ತಂದರೂ 'ಆಗಲ್ಲ' ಅಂದವನಲ್ಲ. ಮಾಲೂರಿನ ನಮ್ಮ ಮೇಷ್ಟ್ರ ಕಾರಿನ ವಿಷಯದಲ್ಲೂ ನನ್ನ ಕೆಲಸದಲ್ಲಿ ಏನೂ ತಪ್ಪಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅಮ್ಮಾವ್ರ ಶಪಥ

ಮೇಷ್ಟ್ರು ನನಗೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ರಿಟೈರಾದ ಮೇಲೆ ಐವತ್ತು ವರ್ಷ ಹಳೆಯ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ತಂದು ಸಾಕುತ್ತಿದ್ದಾರೆ. ಇಬ್ಬರಿಗಷ್ಟೇ ಜಾಗ, ಮೇಲೆ ಸೂರಿಲ್ಲ, ಕೂತರೆ ಕೈಗೆ ನೆಲ ಸಿಗುತ್ತದೆ. ಮೇಷ್ಟ್ರ ಹೆಂಡತಿಯ ತವರು ಟೇಕಲ್ ಕಡೆಯ ಒಂದು ಹಳ್ಳಿ. ಊರು ಇನ್ನೇನು ಸಿಕ್ಕಿತು ಎನ್ನುವಾಗ ಒಂದು ಕಡಿದಾದ ಏರು. ಇಬ್ಬರೂ ಕೂತರೆ ಕಾರು ಅಲ್ಲಿ ಹತ್ತುವುದಿಲ್ಲ. ಪ್ರತಿ ಸಲವೂ ಅಮ್ಮಾವ್ರು ರೇಷ್ಮೆ ಸೀರೆ ಎತ್ತಿ ಹಿಡಿದು, ತವರಿನವರೆಲ್ಲ ನೋಡುವಾಗ ನಡೆದೇ ಊರು ಸೇರಬೇಕು.

"ಇನ್ನೊಂದು ಸಲ ನಾನು ಆ ಏರಲ್ಲಿ ಇಳಿದ್ರೆ ಕಾರು ಮಾರ್ಬೇಕು ಅಂತ ಹೇಳ್ಬಿಟ್ಟಿದ್ದಾಳೆ ಕಣೋ. ಆಡಿದ ಮಾತು ತಪ್ಪೋಳಲ್ಲ" ಎಂದರು ಮೇಷ್ಟ್ರು. ಕಣ್ಣಲ್ಲಿ ನೀರಿತ್ತು.

"ಅಳಬೇಡಿ ಮೇಷ್ಟ್ರೇ. ಈ ಕಬ್ಬಿಣದ ಚಕ್ರ ಬಿಸಾಕಿ, ಹಗುರದ್ದು ಹಾಕೋಣ. ಚಕ್ರ ಮುಂದಕ್ಕೂ ಹೋಗ್ಬೇಕು, ತಿರುಗಲೂ ಬೇಕು. ಅದರಲ್ಲಿ ಒಂದು ಕೆಜಿ ಇಳಿಸಿದ್ರೆ ಬೇರೆ ಕಡೆ ಒಂದೂವರೆ ಇಳಿಸಿದ ಹಾಗೆ" ಎಂದು ಗತ್ತಿನಿಂದ ವಿವರಿಸಿದೆ.

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಲೇ, ಅದನ್ನ ಹತ್ತನೇ ಕ್ಲಾಸಲ್ಲಿ ನಿನಗೆ ಹೇಳಿಕೊಟ್ಟಿದ್ದೇ ನಾನು. ಪರೀಕ್ಷೆಯಲ್ಲಿ ಯಾಕೆ ಬರೀಲಿಲ್ಲ?"

ತಟ್ಟೆಯಲ್ಲಿ ಬಂದ ಅಳತೆ

ಚಕ್ರ ಕೂರುವುದು ನಾಲ್ಕು ಬೋಲ್ಟಿನ ಮೇಲೆ. ಬೋಲ್ಟುಗಳ ನಡುವಿನ ಅಂತರ ಕೂದಲೆಳೆಯಷ್ಟು ತಪ್ಪಿದರೂ ಚಕ್ರ ಕೂರುವುದಿಲ್ಲ. ಅದಕ್ಕೇ ಕಾರು ತನ್ನಿ ಅಂದೆ. ಧೂಳಾಗುತ್ತದೆ, ಅಳತೆ ತರುತ್ತೇನೆ ಅಂದರು.

ಮರುದಿನ ಮಾಲೂರು ಬಸ್ಸಿನಲ್ಲಿ ಬಂದವರ ಕೈಯಲ್ಲಿ ಬಾಳೆಲೆ ಮುಚ್ಚಿದ ತಟ್ಟೆ. ಪ್ರಸಾದವಿರಬೇಕೆಂದು ನಾನು ಕೈ ತೊಳೆದುಕೊಂಡು ಬಂದೆ. ತೆಗೆದು ನೋಡಿದರೆ ಚಪ್ಪಟೆಯಾದ ರಾಗಿ ಮುದ್ದೆ, ಅದರಲ್ಲಿ ನಾಲ್ಕು ತೂತು! ಬಿಸಿ ಮುದ್ದೆಯನ್ನು ಬೋಲ್ಟಿನ ಮೇಲೆ ಒತ್ತಿ ಅಚ್ಚು ತೆಗೆದಿದ್ದರು.

"ಮೇಷ್ಟ್ರೇ, ಇದು ಒಣಗಿ ಕುಗ್ಗಿದೆ."

"ಗೊತ್ತು ಕಣೋ. ಅದಕ್ಕೇ ದಾರಿಯುದ್ದಕ್ಕೂ ನೀರು ಚಿಮುಕಿಸ್ಕೊಂಡು ಬಂದೆ."

ಕುಗ್ಗಿದ್ದು ಈಗ ಉಬ್ಬಿತ್ತು. ನಾಲ್ಕು ತೂತು ನಾಲ್ಕು ಆಕಾರ. "ಅಳತೆಗಂತೂ ಆಗಲ್ಲ. ಜೊತೆಗೆ ಸೊಪ್ಪಿನ ಸಾರು ತಂದಿದ್ರೆ ಊಟಕ್ಕಾದ್ರೂ ಆಗ್ತಿತ್ತು" ಅಂದೆ.

ಮಂಡಿಯ ತೂಕ

ಕೊನೆಗೆ ನಾನೇ ಮಾಲೂರಿಗೆ ಹೋಗಿ ಅಳೆದುಕೊಂಡು ಬಂದು, ಎರಡು ಬಗೆಯ ಅಲಾಯ್ ಚಕ್ರ ತರಿಸಿದೆ. ಒಂದು ತೀರಾ ಹಗುರ. ನಮ್ಮ ಹಳ್ಳಿ ರಸ್ತೆಯ ಒಂದೇ ಗುಂಡಿಗೆ ಹಪ್ಪಳವಾಗುವಂಥದ್ದು. ಅದನ್ನು ಪಕ್ಕಕ್ಕಿಟ್ಟು ಗಟ್ಟಿಯಾದ ಇನ್ನೊಂದನ್ನು, ನೋಡಲು ಬಂದಿದ್ದ ಮೇಷ್ಟ್ರ ಎದುರೇ ತೂಗಿದೆ. ಹಳೆಯದು ಎಂಟು ಕೆಜಿ ಇತ್ತು, ಇದು ಐದೂವರೆ.

"ಮಾರೋನ ತಕ್ಕಡಿ ನಂಬಬಾರದು" ಎಂದು ಮೇಷ್ಟ್ರು ಚಕ್ರವನ್ನು ಹೆಗಲಿಗೇರಿಸಿಕೊಂಡು ಟೊಮೇಟೊ ಮಂಡಿಗೇ ನಡೆದರು. ನಾನೂ ಹಿಂದೆಯೇ ಓಡಿದೆ. ಅಲ್ಲಿನ ಯಂತ್ರ ಮೂರೂವರೆ ತೋರಿಸಿತು.

ಮೇಷ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಏನ್ಲಾ, ಮೋಸ ಮಾಡೋ ಅಂಗಡಿಯೋರನ್ನ ನೋಡಿದ್ದೀನಿ. ಹಗುರದ್ದನ್ನ ಭಾರ ಅಂತ ಹೇಳಿ ತನಗೆ ತಾನೇ ಮೋಸ ಮಾಡ್ಕೊಳ್ಳೋನು ನೀನೊಬ್ಬನೇ!"

ತೂಗುವವನು ನಕ್ಕ. "ಏಮಿ ಸಾರ್, ಇಲ್ಲಿ ಎಲ್ಲರೂ ಹಣ್ಣು ಕ್ರೇಟಲ್ಲಿ ತರೋದು. ಖಾಲಿ ಕ್ರೇಟಿನ ಎರಡು ಕೆಜಿ ಮೊದಲೇ ಕಳೆದು ಇಟ್ಟಿರ್ತೀವಿ."

"ಇದಕ್ಕೆಲ್ಲಿದೆಯಪ್ಪಾ ಕ್ರೇಟು?" ಮೇಷ್ಟ್ರು ರೇಗಿದರು.

"ಹಾಕ್ಕೊಂಡು ಬಂದಿದ್ರೆ ಸರಿಯಾಗೇ ತೋರಿಸ್ತಿತ್ತಲ್ಲ ಸಾರ್. ತಪ್ಪು ನಿಮ್ಮದೇ."

ಏರು

ಐದೂವರೆ ಕೆಜಿಯದ್ದೇ ಹಾಕಿದೆವು. ಭಾನುವಾರ ಪೂಜೆ ಮುಗಿಸಿ ದಂಪತಿಗಳು ತವರಿಗೆ ಹೊರಟರು. ನನ್ನ ಮರ್ಯಾದೆಯ ಪ್ರಶ್ನೆಯೂ ಅಲ್ಲವೇ, ಬೈಕಿನಲ್ಲಿ ಹಿಂದೆಯೇ ಹೋದೆ.

ಕಾರು ಮುಕ್ಕಾಲು ಏರನ್ನು ಸರಾಗವಾಗಿ ಹತ್ತಿತು. ನಾನು ಬೈಕಿನ ಮೇಲೇ ಮೀಸೆ ತಿರುವಿಕೊಂಡೆ. ಕೊನೆಯ ತಿರುವಿನಲ್ಲಿ ಅದು ಎರಡು ಸಲ ಕೆಮ್ಮಿ ನಿಂತಿತು. ಮೇಷ್ಟ್ರು ನನ್ನನ್ನು ನೋಡಿದರು, ನಾನು ಚಕ್ರ ನೋಡಿದೆ. ಮೇಲೆ ಅರಳೀಕಟ್ಟೆಯಲ್ಲಿ ಕೂತಿದ್ದವರೆಲ್ಲ ಎದ್ದು ನಿಂತು ನಮ್ಮನ್ನು ನೋಡುತ್ತಿದ್ದರು.

"ನಾನಂತೂ ಇಳಿಯಲ್ಲ" ಎಂದರು ಅಮ್ಮಾವ್ರು. ಮೇಷ್ಟ್ರ ಮುಖ ಸಣ್ಣಗಾಯಿತು. ಅಮ್ಮಾವ್ರೇ ಮುಂದುವರಿಸಿದರು: "ನೀವು ಇಳೀರಿ."

ಮೇಷ್ಟ್ರು ಇಳಿದರು. ಅಮ್ಮಾವ್ರು ಡ್ರೈವರ್ ಸೀಟಿಗೆ ಸರಿದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಮದುವೆಗೆ ಮುಂಚೆ ಇದೇ ಊರಿನಲ್ಲಿ ಅಪ್ಪನ ಟ್ರ್ಯಾಕ್ಟರ್ ಓಡಿಸುತ್ತಿದ್ದವರಂತೆ. "ಸ್ಪೋರ್ಟ್ಸ್ ಕಾರು, ಫಸ್ಟ್ ಗೇರಿಗೆ ಹಾಕಿದ್ರೆ ಅವಮಾನ ಅಂತ ಸೆಕೆಂಡಲ್ಲೇ ಹತ್ತಿಸ್ತಾರೆ. ನನ್ನ ಅವಮಾನ ಯಾರು ಕೇಳ್ತಾರೆ?" ಎನ್ನುತ್ತಾ ಫಸ್ಟ್ ಗೇರ್ ಹಾಕಿದರು. ಕಾರು ಗುರ್ ಎಂದು ಏರಿಬಿಟ್ಟಿತು. ಇಷ್ಟು ದಿನ ಚಕ್ರದ ಹಿಂದೆಯೇ ಬಿದ್ದಿದ್ದ ನನಗೆ ಗೇರಿನ ಯೋಚನೆಯೇ ಬಂದಿರಲಿಲ್ಲ.

ಮೇಷ್ಟ್ರು ಪಂಚೆ ಎತ್ತಿ ಹಿಡಿದು, ಏದುಸಿರು ಬಿಡುತ್ತಾ ನಡೆದು ಬಂದರು. ಕಟ್ಟೆಯ ಮೇಲಿದ್ದ ಭಾವಮೈದ ಕೂಗಿದ: "ಏನ್ ಭಾವ, ಈ ಸಲ ನಿಮ್ಮ ಪಾಳಿನಾ?"

ಮೇಷ್ಟ್ರು ನೇರ ಹೆಂಡತಿಯ ಹತ್ತಿರ ಹೋದರು. "ಹಾಗಾದ್ರೆ... ಕಾರು ಮಾರ್ಬೇಕಾ?"

ಅಮ್ಮಾವ್ರು ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಯಾಕೆ ಮಾರೋದು? ನಾನೆಲ್ಲಿ ಇಳಿದೆ?"