ಒಂದೇ ಎಲೆಗೆ ಕೂತ ಮೂರು ವೆಬ್‌ಸೈಟುಗಳು

ನನಗೊಂದು ಚಾಳಿ ಇದೆ. ಹುಟ್ಟಿನಿಂದ ಬಂದದ್ದಲ್ಲ, ಹಾಸ್ಟೆಲಿನಿಂದ ಬಂದದ್ದು. ‘ಬೇರೆ’ ಎನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತದೆ. ಬೇರೆ ತಟ್ಟೆ, ಬೇರೆ ಲೋಟ, ಬೇರೆ ಸಾಲು ಎಂದು ಯಾರಾದರೂ ಅಂದರೆ ಜಗಳಕ್ಕೇ ನಿಂತುಬಿಡುತ್ತೇನೆ. ನಾನು ಓದಿದ್ದು ಮಠವೊಂದರ ಉಚಿತ ಹಾಸ್ಟೆಲಿನಲ್ಲಿ. ಅಲ್ಲಿ ಉದ್ದಾನುದ್ದ ಒಂದೇ ಪಂಕ್ತಿ. ಯಾವ ಊರಿನವನು, ಯಾರ ಮಗ ಎಂದು ಕೇಳದೆ ಎಲ್ಲರಿಗೂ ಅದೇ ಮುದ್ದೆ, ಅದೇ ಸಾರು. ಆ ಮುದ್ದೆ ಇಲ್ಲದಿದ್ದರೆ ನಾನು ಇವತ್ತು ಕಂಪ್ಯೂಟರಿನ ಮುಂದೆ ಕೂತಿರುತ್ತಿರಲಿಲ್ಲ, ಎಮ್ಮೆಯ ಹಿಂದೆ ನಿಂತಿರುತ್ತಿದ್ದೆ. ಆ ಋಣವನ್ನು ಈ ಜನ್ಮದಲ್ಲಿ ತೀರಿಸಲು ನನ್ನಿಂದಾಗದು. ಊಟದ ಜೊತೆಗೆ ನಾವು ಸೋಪು, ಬಾಚಣಿಗೆ, ಟವೆಲ್ಲುಗಳನ್ನೂ ಹಂಚಿಕೊಳ್ಳುತ್ತಿದ್ದೆವು. ಒಬ್ಬನಿಗೆ ಕಜ್ಜಿಯಾದರೆ ವಾರ ಕಳೆಯುವುದರೊಳಗೆ ಅದನ್ನೂ ಹಂಚಿಕೊಂಡಾಗಿರುತ್ತಿತ್ತು. ಆಗ ವಾರ್ಡನ್ನರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬೇವಿನೆಣ್ಣೆ ಹಚ್ಚಿಸುತ್ತಿದ್ದರು. ತಪ್ಪು ಟವೆಲ್ಲಿನದು ಎಂದು ನಮ್ಮಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ಮದುವೆಯಾದ ಮೇಲೆ ನನ್ನ ಈ ಸಮಾನತೆಗೆ ಮೊದಲ ಪೆಟ್ಟು ಕೊಟ್ಟವಳು ನನ್ನ ಹೆಂಡತಿ ಗಿರಿಜೆ. ಬಂದ ಮೊದಲ ವಾರವೇ ಬಚ್ಚಲುಮನೆಯಲ್ಲಿ ಎರಡು ಮೊಳೆ ಹೊಡೆಸಿ, ಇದು ನಿಮ್ಮ ಟವೆಲ್ಲು, ಅದು ನನ್ನದು ಎಂದು ಗಡಿ ಹಾಕಿದಳು. ಮಾವಿನಕಾಯಿ ಉಪ್ಪಿನಕಾಯಿಗೆ ಹಾಕಿದ ಚಮಚವನ್ನು ನಾನು ನಿಂಬೆಕಾಯಿಯ ಜಾಡಿಗೂ ಅದ್ದಿದ ದಿನ ಮನೆಯಲ್ಲಿ ನಡೆದ ಮಹಾಭಾರತವನ್ನು ಇಲ್ಲಿ ಬರೆಯುವುದಿಲ್ಲ. ನಿಂಬೆಕಾಯಿಗೆ ಬೂಷ್ಟು ಬಂದದ್ದಂತೂ ನಿಜ. ಮನೆಯಲ್ಲಿ ಸೋತ ಗಂಡಸು ಆಫೀಸಿನಲ್ಲಿ ರಾಜ್ಯ ಕಟ್ಟುತ್ತಾನಂತೆ. ನಾನು ಸರಸ್ವತಿಪುರಂನ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು. ನನ್ನ ಸ್ವಂತ ಹೆಸರಿನಲ್ಲಿ ಒಂದು ಸರ್ವರನ್ನು ಬಾಡಿಗೆಗೆ ಹಿಡಿದಿದ್ದೇನೆ. ಸರ್ವರ್ ಎಂದರೆ ಮತ್ತೇನಲ್ಲ, ಎಲ್ಲೋ ದೂರದಲ್ಲಿ ಹಗಲೂ ರಾತ್ರಿ ಚಾಲೂ ಇರುವ ಒಂದು ಕಂಪ್ಯೂಟರು; ವೆಬ್‌ಸೈಟುಗಳು ಅದರೊಳಗೆ ವಾಸ ಮಾಡುತ್ತವೆ. ಅಲ್ಲಿ ಮೊಳೆ ಹೊಡೆಯುವವರು ಯಾರೂ ಇರಲಿಲ್ಲ.

ಆ ಸರ್ವರಿನಲ್ಲಿ ಮೂರು ಸೈಟುಗಳನ್ನು ಸಾಕಿಕೊಂಡಿದ್ದೆ. ಒಂದು ನಮ್ಮ ಹಾಸ್ಟೆಲಿನ ಹಳೆಯ ವಿದ್ಯಾರ್ಥಿಗಳದು. ಅದರಲ್ಲಿ ತೀರಿಕೊಂಡವರ ಸುದ್ದಿ ಬಿಟ್ಟರೆ ಬೇರೇನೂ ಬರುವುದಿಲ್ಲ. ಇನ್ನೊಂದು ನನ್ನ ಭಾಮೈದ ಮಹೇಶ ನಡೆಸುವ ಕಲ್ಯಾಣ ಮಂಟಪದ್ದು. ಮೂರನೆಯದು ಗಿರಿಜೆಯ ಡಬ್ಬಿ ಊಟದ್ದು, ಮನೆಗೆ ಮರ್ಯಾದೆ ತಂದದ್ದು. ದೊಡ್ಡಾಸ್ಪತ್ರೆಯಲ್ಲಿ ರೋಗಿಗಳಿಗೇನೋ ಊಟ ಸಿಗುತ್ತದೆ. ಅವರನ್ನು ನೋಡಿಕೊಳ್ಳಲು ಹಳ್ಳಿಗಳಿಂದ ಬಂದು ವಾರಗಟ್ಟಲೆ ಕಾರಿಡಾರಿನಲ್ಲಿ ಮಲಗುವವರನ್ನು ಕೇಳುವವರಿಲ್ಲ. ಗಿರಿಜೆ ಮತ್ತು ನಮ್ಮ ಬಡಾವಣೆಯ ಹೆಂಗಸರು ಸೇರಿ ಅವರಿಗೆ ಪ್ರತಿದಿನ ಮಧ್ಯಾಹ್ನದ ಊಟ ಒಯ್ಯುತ್ತಾರೆ. ಆ ದಿನ ಯಾರ ಮನೆಯಿಂದ ಎಷ್ಟು ಡಬ್ಬಿ, ಯಾರು ಅನ್ನ, ಯಾರು ಪಲ್ಯ ಎಂಬುದನ್ನೆಲ್ಲ ಮೊದಲು ವಾಟ್ಸಾಪ್ ಗುಂಪಿನಲ್ಲಿ ಹಾಕುತ್ತಿದ್ದರು. ಗುಡ್ ಮಾರ್ನಿಂಗ್ ಗುಲಾಬಿಗಳ ನಡುವೆ ಪಲ್ಯ ಕಳೆದುಹೋಗುತ್ತಿತ್ತು. ನಾನು ಒಂದು ಪುಟ ಮಾಡಿಕೊಟ್ಟೆ. ಎಲ್ಲರೂ ದಿನಾ ಬೆಳಿಗ್ಗೆ ಅದರಲ್ಲೇ ಬರೆಯತೊಡಗಿದರು. ಇನ್ನು ಗುಂಪೇಕೆ ಎಂದು ಹಟ ಹಿಡಿದು ಅದನ್ನು ಮುಚ್ಚಿಸಿದವನೂ ನಾನೇ.

ವೆಬ್‌ಸೈಟನ್ನು ಯಾರೂ ಬುಡದಿಂದ ತಾವೇ ಕಟ್ಟುವುದಿಲ್ಲ. ಬೇರೆಯವರು ಬರೆದಿಟ್ಟ ಪ್ಯಾಕೇಜುಗಳನ್ನು ತಂದು ಜೋಡಿಸುತ್ತಾರೆ. ಅವಕ್ಕೆ ಹಳೆಯ ವರ್ಷನ್, ಹೊಸ ವರ್ಷನ್ ಎಂಬುದಿರುತ್ತದೆ. ಒಂದು ಸೈಟಿಗೆ ಹಳೆಯದು ಒಗ್ಗಿದರೆ ಇನ್ನೊಂದಕ್ಕೆ ಹೊಸದೇ ಬೇಕು. ಅದಕ್ಕೇ ತಿಳಿದವರು ಪ್ರತಿ ಸೈಟಿಗೂ ಅದರದೇ ಪ್ಯಾಕೇಜುಗಳಿರುವ ಪ್ರತ್ಯೇಕ ಕೋಣೆ ಮಾಡಿಕೊಡುತ್ತಾರೆ. ವರ್ಚುವಲ್ ಎನ್ವಿರಾನ್‌ಮೆಂಟ್ ಎಂಬ ಉದ್ದ ಹೆಸರಿನ ವಸ್ತು ಇಷ್ಟೇ. ನನ್ನ ಸ್ನೇಹಿತ ಇಮ್ತಿಯಾಜ್ ಇದನ್ನು ನನಗೆ ಹೇಳದ ದಿನವಿಲ್ಲ. ಅವರು ಉದಯಗಿರಿ ಬಡಾವಣೆಯವರು; ನಾನೂ ಅವರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಆಮೇಲೆ ಅವರು ಕಾಲೇಜು ಬಿಟ್ಟು ಮಂಡಿ ಮೊಹಲ್ಲಾದಲ್ಲಿ ಬೆಲ್ಲದ ಸಗಟು ಅಂಗಡಿಯ ಮೇಲಿನ ಮಹಡಿಯಲ್ಲಿ ಸ್ವಂತ ಕಚೇರಿ ಇಟ್ಟರು. ಇಷ್ಟು ವರ್ಷದ ಸ್ನೇಹವಾದರೂ ಇಬ್ಬರೂ ಬಹುವಚನ ಬಿಟ್ಟಿಲ್ಲ. ಅವರು ಪ್ರತ್ಯೇಕ ಕೋಣೆಯ ಮಾತೆತ್ತಿದಾಗಲೆಲ್ಲ ನಾನು ಪಂಕ್ತಿಭೋಜನದ ಮೇಲೆ ಭಾಷಣ ಮಾಡುತ್ತಿದ್ದೆ. ನನ್ನ ಸರ್ವರಿನಲ್ಲಿ ಭೇದಭಾವಕ್ಕೆ ಜಾಗವಿಲ್ಲ, ಎಲ್ಲ ಸೈಟೂ ಒಂದೇ ಸಾಲಿನಲ್ಲಿ ಕೂತು ಉಣ್ಣಲಿ ಎನ್ನುತ್ತಿದ್ದೆ. ಅವರು ಟೀ ಕುಡಿದು, ಆಯ್ತು ಸ್ವಾಮಿ ಎಂದು ಎದ್ದು ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಮಹೇಶನ ಫೋನು ಬಂತು. ಎದುರು ರಸ್ತೆಯ ಮಂಟಪದವರ ಸೈಟಿನಲ್ಲಿ ಫೋಟೋಗಳು ಒಂದರ ಮೇಲೊಂದು ಜಾರುತ್ತವಂತೆ, ನಮ್ಮದರಲ್ಲಿ ಏಕಿಲ್ಲ ಎಂದು ತಕರಾರು. ಹೆಂಡತಿಯ ತಮ್ಮ. ಇಲ್ಲ ಎನ್ನುವ ಧೈರ್ಯ ಯಾರಿಗಿದೆ? ಕಾಫಿ ಕುಡಿಯುತ್ತಲೇ ಸರ್ವರಿಗೆ ಹೊಸ ವರ್ಷನ್‌ಗಳನ್ನು ಏರಿಸಿದೆ. ಫೋಟೋಗಳು ಬೆಣ್ಣೆಯಂತೆ ಜಾರಿದವು. ನನ್ನ ಕೈಗುಣಕ್ಕೆ ನಾನೇ ಮೆಚ್ಚಿ ಎರಡನೇ ಕಾಫಿ ಕೇಳಬೇಕೆನ್ನುವಷ್ಟರಲ್ಲಿ ಅಡುಗೆಮನೆಯಿಂದ ಗಿರಿಜೆ, ರೀ, ಪುಟ ತೆಗೀತಾ ಇಲ್ವಲ್ರೀ ಎಂದಳು. ನೋಡಿದರೆ ಡಬ್ಬಿ ಊಟದ ಪುಟ ಮಕಾಡೆ ಮಲಗಿತ್ತು. ಹಾಸ್ಟೆಲಿನವರದ್ದೂ ಮಲಗಿತ್ತು, ಅಲ್ಲಿ ಅದನ್ನು ಗಮನಿಸುವವರು ಇರಲಿಲ್ಲ.

ಗಾಬರಿಯಾಗಿ ಹಳೆಯ ವರ್ಷನ್‌ಗಳನ್ನು ಮತ್ತೆ ಹಾಕಿದೆ. ಮಹೇಶನ ಮಂಟಪ ಕುಸಿಯಿತು, ಊಟದ ಪುಟ ಮಾತ್ರ ಏಳಲಿಲ್ಲ. ಅದಕ್ಕೆ ಎಷ್ಟು ಹಳೆಯದು ಬೇಕು ಎಂಬುದು ನನಗೆ ನೆನಪಿದ್ದರೆ ತಾನೆ! ಒಂದನ್ನು ಏರಿಸಿದೆ, ಇನ್ನೊಂದನ್ನು ಇಳಿಸಿದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮಹೇಶ ಒಂದೇ ಸಮನೆ ಫೋನು ಮಾಡತೊಡಗಿದ; ಅದನ್ನು ಮಗುಚಿ ಹಾಕಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಇಲ್ಲಿ ಕುಂಬಾರನೂ ನಾನೇ, ದೊಣ್ಣೆಯೂ ನನ್ನ ಕೈಯಲ್ಲೇ ಇತ್ತು. ಗಿರಿಜೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಹಿಂದೆ ನಿಂತಳು. ಯಾರು ಅಡುಗೆ ಮಾಡುತ್ತಿದ್ದಾರೆ, ಯಾರು ಇಲ್ಲ ಎಂಬುದು ಅವಳಿಗೆ ಗೊತ್ತಿಲ್ಲ. ಎಲ್ಲರ ಫೋನ್ ನಂಬರುಗಳೂ ಪುಟದೊಳಗೇ ಇವೆ. ಅವಳಿಗೆ ಸಿಟ್ಟು ಬಂದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವಳ ಕಣ್ಣಲ್ಲಿ ನೀರಿತ್ತು.

“ಹನ್ನೆರಡಕ್ಕೆಲ್ಲ ಬಂದು ಆಸ್ಪತ್ರೆ ಮರದ ಕೆಳಗೆ ಕೂತ್ಬುಟ್ಟಿರ್ತಾರೆ ಕಣ್ರೀ. ಬೆಳಿಗ್ಗೆ ತಿಂಡೀನೂ ತಿಂದಿರಲ್ಲ ಅವ್ರು,” ಎಂದಳು. “ನಾನೇನ್ ಹೇಳ್ಲಿ ಅವ್ರಿಗೆ? ಇವತ್ತು ಪಾಸ್‌ವರ್ಡ್ ತಿನ್ನಿ ಅನ್ಲಾ?”

ಇಮ್ತಿಯಾಜರಿಗೆ ಫೋನು ಮಾಡಿದೆ. ಇಷ್ಟು ದಿನ ಮಾಡಿದ ಭಾಷಣಗಳೆಲ್ಲ ಗಂಟಲಿಗೆ ಅಡ್ಡ ಬಂದು, ಸ್ವಲ್ಪ ಬರ್ತೀರಾ ಎಂದಷ್ಟೇ ಹೇಳಲಾಯಿತು. ಅವರು ಏನಾಯಿತೆಂದೂ ಕೇಳಲಿಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟು, ಸ್ಕೂಟರಿನಲ್ಲಿ ಸಯ್ಯಾಜಿರಾವ್ ರಸ್ತೆಯ ಟ್ರಾಫಿಕ್ಕೆಲ್ಲ ದಾಟಿ ಬಂದು, ನಮ್ಮ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟರು. ಅಷ್ಟರಲ್ಲಿ ಗಿರಿಜೆ ಬಾಯಿಪಾಠವಿದ್ದ ಮೂರೋ ನಾಲ್ಕೋ ನಂಬರುಗಳಿಗೆ ಫೋನು ಮಾಡಿ, ಪುಟ ಕೆಟ್ಟಿದೆ, ಇವತ್ತು ಊಟದ ಗತಿ ಏನೋ ಗೊತ್ತಿಲ್ಲ ಎಂದು ಹೇಳಿ, ಎರಡು ದೊಡ್ಡ ಕುಕ್ಕರು ಒಲೆಗೆ ಏರಿಸಿದ್ದಳು. ಎರಡು ಕುಕ್ಕರಿನಲ್ಲಿ ಅಷ್ಟು ಜನಕ್ಕೆ ಎಲ್ಲಿ ಸಾಲುತ್ತದೆ ಎಂಬುದು ಅವಳಿಗೂ ಗೊತ್ತಿತ್ತು.

ಇಮ್ತಿಯಾಜ್ ನನ್ನ ಸರ್ವರಿನ ಒಳಗನ್ನು ತೆರೆದು ನೋಡಿದರು. ನಾನು ನಾಚಿಕೆ ತಾಳಲಾರದೆ, ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಬೇಕು ಅಂತ ಮಾಡಿದ್ದು ಎಂದು ಮತ್ತೆ ಶುರುಮಾಡಿದೆ. ಅವರು ಕೀಬೋರ್ಡಿನಿಂದ ತಲೆಯೆತ್ತದೆ ಹೇಳಿದರು:

“ನೀವು ಕರ್ಕೊಂಡು ಹೋದಾಗ ನಿಮ್ಮ ಮಠದಲ್ಲಿ ನಾನೂ ಒಂದ್ಸಲ ಉಂಡಿದ್ದೀನಲ್ಲ ಸ್ವಾಮಿ, ನಿಮ್ಮ ಪಕ್ಕದಲ್ಲೇ ಕೂತು. ಪಂಕ್ತಿ ಒಂದೇ, ನಿಜ. ಆದ್ರೆ ಎಲೆ ಒಬ್ಬೊಬ್ರಿಗೂ ಒಂದೊಂದು ಇತ್ತಲ್ಲ? ನೀವು ಎಲ್ಲಾರ್ನೂ ಒಂದೇ ಎಲೆಗೆ ಕೂರಿಸ್ಬುಟ್ಟಿದ್ದೀರ. ಅದು ದಾಸೋಹ ಅಲ್ಲ ಕಣ್ರೀ, ದೊಂಬಿ.”

ಅಷ್ಟು ವರ್ಷ ಮಠದ ಅನ್ನ ಉಂಡ ನನಗೆ ಎದುರಿಗಿದ್ದ ಎಲೆ ಕಂಡಿರಲಿಲ್ಲ. ಒಂದು ದಿನ ಬಂದು ಉಂಡವರಿಗೆ ಕಂಡಿತ್ತು. ಇಮ್ತಿಯಾಜ್ ಮೂರು ಸೈಟುಗಳಿಗೂ ಮೂರು ಎಲೆ ಹಾಕಿದರು. ಮಹೇಶನದಕ್ಕೆ ಹೊಸ ಪ್ಯಾಕೇಜುಗಳು, ಹಾಸ್ಟೆಲಿನದಕ್ಕೆ ಹಳೆಯವು. ಊಟದ ಪುಟ ನಾನು ಬರೆದ ಕಾಲದಲ್ಲಿ ಯಾವ ಯಾವ ವರ್ಷನ್‌ಗಳು ಚಾಲ್ತಿಯಲ್ಲಿದ್ದವು ಎಂದು ಹುಡುಕಿ ಹುಡುಕಿ, ಒಂದೊಂದನ್ನೇ ತಂದು ಅದಕ್ಕೆ ಬಡಿಸಿದರು. ಯಾವ ಸೈಟಿಗೆ ಏನು ಬಡಿಸಿದೆ ಎಂಬುದನ್ನೂ ಆಯಾ ಸೈಟಿನ ಪಕ್ಕದಲ್ಲೇ ಬರೆದಿಟ್ಟರು, ಮುಂದೆ ನನ್ನಂಥವನು ಬಂದರೆ ದಿಕ್ಕು ತಪ್ಪಬಾರದೆಂದು. ಮೊದಲು ಮಂಟಪ ಎದ್ದಿತು. ಊಟದ ಪುಟ ಏಳುವ ಹೊತ್ತಿಗೆ ಗಂಟೆ ಹನ್ನೆರಡು ದಾಟಿತ್ತು. ಗಿರಿಜೆ ಆಗಲೇ ಪಾತ್ರೆಗಳನ್ನು ಆಟೋಗೆ ಏರಿಸಿಕೊಂಡು ಹೊರಟುಬಿಟ್ಟಿದ್ದಳು. ನಾನು ಇಮ್ತಿಯಾಜರ ಸ್ಕೂಟರಿನ ಹಿಂದೆ ಕೂತು, ಫೋನಿನಲ್ಲಿ ಪುಟ ತೆರೆದೆ. ಅದರಲ್ಲಿ ಬರೆಯಲು ಬೆಳಿಗ್ಗೆಯಿಂದ ಯಾರಿಗೂ ಆಗಿರಲಿಲ್ಲವಲ್ಲ, ಅದು ಬಹಳ ಪ್ರಾಮಾಣಿಕವಾಗಿ, ‘ಇಂದು ಯಾರೂ ಊಟ ತರುತ್ತಿಲ್ಲ’ ಎಂದು ತೋರಿಸಿತು.

ಆಸ್ಪತ್ರೆಯ ಮರದ ಕೆಳಗೆ ಜಾತ್ರೆಯೇ ನೆರೆದಿತ್ತು. ನಮ್ಮ ಬಡಾವಣೆಯ ಸುದ್ದಿಗೆ ಕಾಲಲ್ಲ, ರೆಕ್ಕೆಯೇ ಇದೆ. ಗಿರಿಜೆ ಫೋನು ಮಾಡಿದ ನಾಲ್ಕು ಜನ ಇನ್ನು ನಾಲ್ವರಿಗೆ ಹೇಳಿ, ಅವರು ಪಕ್ಕದ ಮನೆಗೆ ಹೇಳಿ, ಪುಟ ಕೆಟ್ಟಿದೆ ಎಂಬುದು ಹೋಗುತ್ತ ಹೋಗುತ್ತ ಇವತ್ತು ಆಸ್ಪತ್ರೆಗೆ ಊಟವೇ ಇಲ್ಲವಂತೆ ಎಂದಾಗಿತ್ತು. ಬೇರೆ ಯಾರೂ ತರುವುದಿಲ್ಲ, ನಾನಾದರೂ ಮಾಡೋಣ ಎಂದುಕೊಂಡು ಪ್ರತಿಯೊಬ್ಬರೂ ಎಲ್ಲರಿಗೂ ಆಗುವಷ್ಟು ಮಾಡಿದ್ದರು. ಬಿಸಿಬೇಳೆಬಾತಿನ ತಪ್ಪಲೆಗಳು, ಚಿತ್ರಾನ್ನದ ಕೊಳಗ, ಚಪಾತಿಯ ಗುಡ್ಡ. ಯಾವತ್ತೂ ಒಂದು ಡಬ್ಬಿಯೂ ತರದ, ನಮ್ಮ ಎದುರುಮನೆಯ ಜಿಪುಣ ರಾಯರು ಪಾಯಸದ ಬಕೆಟ್ಟು ಹಿಡಿದು ನಿಂತಿದ್ದರು. ಗಿರಿಜೆ ಸೌಟು ಹಿಡಿದು ನಗುತ್ತಿದ್ದಳು, ಕಣ್ಣೂ ಒರೆಸಿಕೊಳ್ಳುತ್ತಿದ್ದಳು. ಕಾವಲುಗಾರರು, ಆಯಾಗಳು, ಆಟೋದವರು, ಎಲ್ಲರೂ ಬಂದು ಕೂತರು. ಇಮ್ತಿಯಾಜರನ್ನೂ ನನ್ನನ್ನೂ ಎಳೆದು ಕೂರಿಸಿ ಬಡಿಸಿದರು. ಇಂಥ ಊರಿನಲ್ಲಿ, ಇಂಥವರ ನಡುವೆ ನನ್ನನ್ನು ಇಟ್ಟದ್ದಕ್ಕೆ ಯಾರಿಗೆ ಕೈಮುಗಿಯಲಿ ಎಂದು ತಿಳಿಯದೆ, ಸದ್ಯಕ್ಕೆ ಪಕ್ಕದಲ್ಲಿದ್ದ ಇಮ್ತಿಯಾಜರಿಗೇ ಕೈಮುಗಿದೆ. ಅವರು, ಮೊದ್ಲು ಊಟ ಮಾಡಿ ಸ್ವಾಮಿ ಎಂದರು.

ಕೈ ತೊಳೆಯುವಲ್ಲಿ ಒಬ್ಬ ಅಜ್ಜಿ ಸಿಕ್ಕರು. ಹುಣಸೂರಿನ ಕಡೆಯವರು, ಗಂಡನನ್ನು ಆಸ್ಪತ್ರೆಗೆ ಸೇರಿಸಿ ಬಹಳ ದಿನದಿಂದ ಅಲ್ಲೇ ಇದ್ದರು. ಆ ದಿನದ ಸಂಭ್ರಮಕ್ಕೆಲ್ಲ ಕಾರಣ ಕಂಪ್ಯೂಟರು ಕೆಡಿಸಿದ ನನ್ನ ಕೈಚಳಕ ಎಂದು ಗಿರಿಜೆ ಬಡಿಸುತ್ತ ಬಡಿಸುತ್ತ ಪಂಕ್ತಿಗೆಲ್ಲ ಸಾರಿದ್ದಳು. ಅಜ್ಜಿ ನನ್ನ ಕೈ ಹಿಡಿದುಕೊಂಡು, “ಎಲ್ಡು ದಪ ಪಾಯ್ಸ ಹಾಕುಸ್ಕಂಡೆ ಕಣಪ್ಪ. ಅದ್ಯಾವತ್ತು ಇಂಗೆ ಉಂಡಿದ್ನೋ,” ಎಂದರು. ಆಮೇಲೆ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು: “ಆ ಕಂಪ್ಯೂಟ್ರು ಇನ್ಯಾವಾಗ ಕೆಡ್ತದೆ?”

ಇನ್ನು ಕೆಡೋದಿಲ್ಲ ಅಜ್ಜಿ, ಒಂದೊಂದಕ್ಕೂ ಬೇರೆ ಬೇರೆ ವ್ಯವಸ್ಥೆ ಮಾಡಿ ಭದ್ರ ಮಾಡಿದ್ದೇವೆ ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ. ಅಜ್ಜಿಯ ಮುಖ ಸಪ್ಪಗಾಯಿತು.

“ಅಯ್ಯೋ, ಸರಿ ಮಾಡ್ಬುಟ್ರಾ?”

ಹೂಂ, ತಪ್ಪಾಯ್ತು ಅಜ್ಜಿ ಎಂದು ತಲೆ ತಗ್ಗಿಸಿದೆ. ಈ ಕೆಲಸಕ್ಕೆ ಸೇರಿದಂದಿನಿಂದ ಕೆಡಿಸಿದ್ದಕ್ಕೆ ಕ್ಷಮೆ ಕೇಳಿದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಸರಿ ಮಾಡಿಸಿದ್ದಕ್ಕೆ ಕ್ಷಮೆ ಕೇಳಿದ್ದು ಅದೊಂದೇ ಸಲ.