ಬೆಳ್ತಂಗಡಿಯಲ್ಲಿ ನನ್ನ ಪುನರಾಗಮನ

ನಾಟಕ ಅಂದರೆ ನನಗೇನು ಹೊಸತೇ? ಹದಿಹರೆಯದಲ್ಲೇ ತಲೆಗೆ ಪೌಡರ್ ಬಳಿದುಕೊಂಡು ಬಂಟ್ವಾಳದ ವೇದಿಕೆಯಲ್ಲಿ ಅಜ್ಜಿಯಾಗಿ ಕೆಮ್ಮಿದವಳು ನಾನು. ಆಮೇಲೆ ತುಳು ನಾಟಕಗಳಲ್ಲಿ ತಾಯಿ, ಅತ್ತಿಗೆ, ವಿಧವೆ ಎಲ್ಲ ಆಗಿ, ಕೊನೆಗೆ ಬೆಂಗಳೂರಿನ ಧಾರಾವಾಹಿಗೆ ಆಯ್ಕೆಯಾದೆ. ಮೊದಲು ಕಾಫಿ ತಟ್ಟೆ ಹಿಡಿದು ಬರುವ ಚಿಕ್ಕಮ್ಮ. ಕಾಫಿ ಚೆಲ್ಲದೆ ತಂದದ್ದಕ್ಕೋ ಏನೋ, ಮುಂದಿನ ಧಾರಾವಾಹಿಯಲ್ಲಿ ಬಡ್ತಿ ಸಿಕ್ಕಿತು. ಕ್ರೂರ ಅತ್ತೆ! ವರ್ಷಗಟ್ಟಲೆ ಸೊಸೆಗೆ ಕಾಟ ಕೊಟ್ಟೆ. ಒಂದು ದಿನ ಕಥೆಗಾರರು ಇದ್ದಕ್ಕಿದ್ದಂತೆ ಅತ್ತೆಯನ್ನು ಕಾಶಿಯಾತ್ರೆಗೆ ಕಳುಹಿಸಿದರು. "ಬೇಗ ವಾಪಸ್ ಕರೆಸ್ಕೊಳ್ತೀವಿ ಮೇಡಂ" ಅಂದರು. ಅತ್ತೆ ಇನ್ನೂ ಕಾಶಿಯಲ್ಲೇ ಇದ್ದಾಳೆ. ನಾನು ವಾಮದಪದವಿಗೆ ಬಂದು ಮನೆಯಲ್ಲಿ ಕುಳಿತೆ.

ಫೋನ್ ಬರುವುದು ನಿಂತೇಹೋಯಿತು. ಜನ ನನ್ನನ್ನು ಮರೆತರೆ ಎಂಬ ಹೆದರಿಕೆ ಒಳಗೊಳಗೇ ಕೊರೆಯುತ್ತಿತ್ತು. ಹಾಗಾಗಿ ಹಳೆಯ ತುಳು ನಾಟಕ ತಂಡದ ಯಜಮಾನ ಗಣೇಶಣ್ಣ ಫೋನ್ ಮಾಡಿದಾಗ ಮೊದಲ ರಿಂಗಿಗೇ ಎತ್ತಿದೆ.

"ಸುಜಾತಕ್ಕ, ನಮ್ಮ ತಾಯಿ ಪಾತ್ರದವರು ಜಾರಿ ಬಿದ್ದು ಕಾಲು ಮುರ್ಕೊಂಡಿದ್ದಾರೆ. ಬರುವ ಆದಿತ್ಯವಾರ ಸಂಜೆ ಬೆಳ್ತಂಗಡಿಯಲ್ಲಿ ಶೋ. ನೀವು ಹಿಂದೆ ಮಾಡಿದ ಪಾತ್ರವೇ. ಆಗ್ತದಾ?"

"ಆಗದೆ ಎಂತ! ಆ ಪಾತ್ರ ನನ್ನ ರಕ್ತದಲ್ಲೇ ಉಂಟು."

ರಕ್ತದಲ್ಲಿ ಇದ್ದಿರಬಹುದು. ಬಾಯಿಗೆ ಬರಲಿಲ್ಲ!

ಮೂಡುಬಿದಿರೆಯಲ್ಲಿ ನಡೆದ ರಿಹರ್ಸಲ್ ಚೆನ್ನಾಗಿಯೇ ಆಯಿತು, ಕೈಯಲ್ಲಿ ಹಾಳೆ ಇತ್ತಲ್ಲ. ಮನೆಗೆ ಬಂದು ಹಾಳೆ ಬದಿಗಿಟ್ಟು ನೋಡುತ್ತೇನೆ, ತಲೆ ತೊಳೆದಿಟ್ಟ ಪಾತ್ರೆಯ ಹಾಗೆ ಖಾಲಿ! ಧಾರಾವಾಹಿಯಲ್ಲಿ ನಾವು ಏನನ್ನೂ ಬಾಯಿಪಾಠ ಮಾಡುತ್ತಿರಲಿಲ್ಲ. ಕ್ಯಾಮೆರಾದ ಪಕ್ಕ ನಿಂತವರು ಒಂದೊಂದೇ ಸಾಲು ಹೇಳಿಕೊಡುತ್ತಿದ್ದರು, ನಾವು ಭಾವ ತುಂಬಿ ಅದನ್ನೇ ಹೇಳುತ್ತಿದ್ದೆವು. ತಪ್ಪಿದರೆ "ಸಾರಿ ಸರ್, ಒನ್ ಮೋರ್" ಅಂದರೆ ಸಾಕಿತ್ತು.

ನನ್ನ ಈ ದುರವಸ್ಥೆಯನ್ನು ಮೊದಲು ಪತ್ತೆಹಚ್ಚಿದವರು ಇವರು, ಅಂದರೆ ನನ್ನ ಯಜಮಾನರು ಸದಾನಂದ. ಹಾರ್ಡ್‌ವೇರ್ ಅಂಗಡಿಯವರು. ಮೊಳೆ, ಸ್ಕ್ರೂ ಬಿಟ್ಟು ಬೇರೆ ಕಲೆಯ ಪರಿಚಯವಿಲ್ಲ.

"ಹಾಳೆ ನೋಡಿ ನಾನು ಹೇಳಿದ ಮೇಲೆ ಮಾತ್ರ ನೀನು ಹೇಳ್ತಿ. ನೀನು ನಟಿಯಾ, ಗಿಳಿಯಾ ಮಾರಾಯ್ತಿ?"

"ಹಾಗಾದ್ರೆ ನೀವೇ ಪರದೆಯ ಬದಿಯಲ್ಲಿ ನಿಂತು ಹೇಳಿಕೊಡಿ!"

"ನಾನಾ? ನನಗೆ ಜನ ಕಂಡ್ರೆ ಕೈಕಾಲು ನಡುಗ್ತದೆ."

"ಜನ ನಿಮ್ಮನ್ನು ಕಾಣುವುದಿಲ್ಲ" ಎಂದು ಧೈರ್ಯ ತುಂಬಿದೆ. ಅಷ್ಟರಲ್ಲಿ ತವರೂರು ಅಳದಂಗಡಿಯಿಂದ ನನ್ನ ತಮ್ಮ ನಾಟಕದ ಫ್ಲೆಕ್ಸಿನ ಫೋಟೋ ಕಳುಹಿಸಿದ. ನಾಟಕದ ಹೆಸರಿಗಿಂತ ನನ್ನ ಮುಖ ದೊಡ್ಡದಿತ್ತು! "ಅಕ್ಕ, ನಾವು ಎಲ್ಲ ಜೀಪು ಮಾಡಿ ಬರ್ತೇವೆ" ಎಂದೂ ಬರೆದಿದ್ದ. ಅವತ್ತಿನಿಂದ ನನಗೆ ಅನ್ನ ಸೇರಲಿಲ್ಲ.

ಆದಿತ್ಯವಾರ ಬಂತು. ಸಭಾಂಗಣ ಭರ್ತಿ. ಪರದೆಯ ಸಂದಿಯಿಂದ ಇಣುಕಿದರೆ ಮುಂದಿನ ಸಾಲಿನಲ್ಲಿ ತವರಿನವರೆಲ್ಲ ಕುಳಿತಿದ್ದಾರೆ. ಪಕ್ಕದಲ್ಲಿ ಇವರ ಕೈಯಲ್ಲಿದ್ದ ಹಾಳೆಗಳು ಗಾಳಿಯೇ ಇಲ್ಲದೆ ಪಟಪಟ ಅನ್ನುತ್ತಿದ್ದವು.

ಮೊದಲ ದೃಶ್ಯಗಳು ಹೇಗೋ ದಾಟಿದವು. ಬಂತು ನೋಡಿ ನಾಟಕದ ಜೀವಾಳದಂಥ ದೃಶ್ಯ. ಮಗ ಸಿಟ್ಟಿನಿಂದ ಮನೆ ಬಿಟ್ಟು ಹೊರಟಿದ್ದಾನೆ. ತಾಯಿ ಅತ್ತು ಕರೆದು ಅವನನ್ನು ನಿಲ್ಲಿಸಬೇಕು. ಮಗ ನಿಂತರೆ ಮಾತ್ರ ಮುಂದೆ ಕಥೆ ಉಂಟು! ಮಗನ ಪಾತ್ರದ ಪ್ರವೀಣ ಚೀಲ ಎತ್ತಿಕೊಂಡ. ನಾನು ಅವನ ತೋಳು ಹಿಡಿದು ಬದಿಗೆ ಕಿವಿಗೊಟ್ಟೆ.

"ಮಗಾ, ಈ ತಾಯಿಯನ್ನು ಬಿಟ್ಟು ಹೋಗ್ಬೇಡ" ಎಂದರು ಇವರು.

"ಮಗಾ, ಈ ತಾಯಿಯನ್ನು ಬಿಟ್ಟು ಹೋಗ್ಬೇಡ!" ಎಂದು ಗೋಳಾಡಿದೆ. ಸಭೆ ನಿಶ್ಶಬ್ದವಾಯಿತು.

"ಒಂದು ನಿಮಿಷ ನಿಲ್ಲು, ಹಾಳೆ ಅಂಟಿಕೊಂಡಿದೆ."

"ಒಂದು ನಿಮಿಷ ನಿಲ್ಲು ಮಗಾ!" ಎಂದು ಎದೆ ಬಡಿದುಕೊಂಡೆ. "ಹಾಳೆ ಅಂಟಿಕೊಂಡಿದೆ!"

ಪ್ರವೀಣ ನನ್ನ ಮುಖ ನೋಡಿದ. "ಯಾವ ಹಾಳೆ ಅಮ್ಮಾ?" ಎಂದ ಪಾಪದವನು. ಸಭೆ ಘೊಳ್ಳೆಂದಿತು.

ಆಗ ಗಾಬರಿಯಲ್ಲಿ ಹಳೆಯ ಅಭ್ಯಾಸ ಬಾಯಿಂದ ಜಾರಿತು. ಸಭೆಯ ಕಡೆ ತಿರುಗಿ ಕೈಮುಗಿದು, "ಸಾರಿ ಸರ್, ಒನ್ ಮೋರ್!" ಎಂದೆ.

"ಒನ್ಸ್ ಮೋರ್! ಒನ್ಸ್ ಮೋರ್!" ಎಂದು ಹಿಂದಿನ ಸಾಲಿನವರು ಶಿಳ್ಳೆ ಹೊಡೆದರು. ಆ ಗದ್ದಲಕ್ಕೆ ಬೆಚ್ಚಿಬಿದ್ದು ಇವರು ಹಾಳೆಗಳನ್ನೆಲ್ಲ ಕೆಳಗೆ ಚೆಲ್ಲಿದರು. ಬದಿಯಿಂದ ಬರುತ್ತಿದ್ದ ಸ್ವರ ನಿಂತಿತು.

ನಾನು ಕಾದೆ. ಪ್ರವೀಣ ಕಾದ. ಸಭೆಯೂ ಕಾದಿತು. ಏನಾದರೊಂದು ಹೇಳಲೇಬೇಕಲ್ಲ! ಕೇಳಿಕೇಳಿ ನನ್ನ ತಲೆಯಲ್ಲಿ ಉಳಿದಿದ್ದ ಮಾತು ಒಂದೇ. ಧಾರಾವಾಹಿಯ ಅತ್ತೆ ಪ್ರತಿ ವಾರ ಕೂಗುತ್ತಿದ್ದದ್ದು. ತುಳು ನಾಟಕದ ನಡುವೆ, ಶುದ್ಧ ಬೆಂಗಳೂರು ಕನ್ನಡದಲ್ಲಿ ಅದು ಹೊರಬಿತ್ತು.

"ಈ ಮನೇಲಿ ನಾನು ಹೇಳಿದ್ದೇ ನಡೀಬೇಕು! ಈಗ್ಲೇ ಆಚೆ ಹೋಗು!"

ಪ್ರವೀಣ ವಿಧೇಯ ಮಗ. ಹೋಗಿಯೇಬಿಟ್ಟ!

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಗಣೇಶಣ್ಣ ಅವನ ಕುತ್ತಿಗೆಗೆ ಕೈಹಾಕಿ ಮತ್ತೆ ವೇದಿಕೆಗೆ ದೂಡಿದರು. "ಅಮ್ಮಾ, ಬಸ್ಸು ತಪ್ಪಿತು" ಎಂದ. ನನಗೆ ಅಳು ಬಂತು. ಅದು ಅಭಿನಯವಲ್ಲ. ಮುಂದಿನ ಸಾಲಿನಲ್ಲಿ ನನ್ನ ತಮ್ಮ ತಲೆ ತಗ್ಗಿಸಿದ್ದ. ಇನ್ನು ಕಾಶಿಯೇ ಗತಿ ಅಂದುಕೊಂಡೆ.

ಅಷ್ಟರಲ್ಲಿ ಹೆಗಲಿಗೆ ಬೈರಾಸು ಟವೆಲು ಹಾಕಿದ ಒಂದು ಆಕೃತಿ ನಡುಗುತ್ತಾ ವೇದಿಕೆಗೆ ಬಂತು. ಇವರೇ! ನೆಲದಿಂದ ಹೆಕ್ಕಿದ ಹಾಳೆಗಳನ್ನು ಮೂಗಿನ ಹತ್ತಿರ ಹಿಡಿದಿದ್ದರು.

"ಮಗಾ, ನಾನು ಪಕ್ಕದ ಮನೆಯವ. ನಿನ್ನ ಅಮ್ಮನಿಗೆ ದುಃಖದಲ್ಲಿ ಮಾತು ಬರುವುದಿಲ್ಲ. ಅವಳು ಹೇಳ್ಬೇಕಾದ್ದು ಇಷ್ಟು" ಎಂದವರೇ ನನ್ನ ಅಷ್ಟೂ ಸಂಭಾಷಣೆಯನ್ನು, ನಡುವೆ 'ಇಲ್ಲಿ ತಾಯಿ ಕಣ್ಣೊರೆಸಿಕೊಳ್ಳುತ್ತಾಳೆ' ಎಂಬುದನ್ನೂ ಬಿಡದೆ, ರೇಷನ್ ಅಂಗಡಿಯಲ್ಲಿ ಹೆಸರು ಕೂಗಿದ ಹಾಗೆ ಓದಿಬಿಟ್ಟರು. ಅವರು ಹೇಳಿದಲ್ಲೆಲ್ಲ ನಾನು ಕಣ್ಣೊರೆಸಿಕೊಂಡೆ. ಮಗ ನಿಂತ. ಚಪ್ಪಾಳೆ ಅಂದರೆ ಚಪ್ಪಾಳೆ! ಪರದೆ ಬೀಳುವವರೆಗೂ ಪಕ್ಕದ ಮನೆಯವರು ವೇದಿಕೆ ಬಿಟ್ಟು ಇಳಿಯಲೇ ಇಲ್ಲ.

ಎರಡು ದಿನ ನಾನು ಅಂಗಳಕ್ಕೂ ಇಳಿಯಲಿಲ್ಲ. ಆಮೇಲೆ ಗಣೇಶಣ್ಣನ ಫೋನ್ ಬಂತು. ಬೈಗುಳಕ್ಕೆ ಸಿದ್ಧಳಾಗಿಯೇ ಎತ್ತಿದೆ.

"ಸುಜಾತಕ್ಕ, ಮೂಡುಬಿದಿರೆಯವರು ಅದೇ ನಾಟಕ ಬೇಕು ಅಂತಿದ್ದಾರೆ."

"ನಿಜವಾಗಿಯೂ? ಗಣೇಶಣ್ಣ, ಈ ಸಲ ಬಾಯಿಪಾಠ ಮಾಡ್ತೇನೆ, ಆಣೆ!"

ಗಣೇಶಣ್ಣ ನನ್ನ ಆಣೆಯನ್ನು ಅರ್ಧಕ್ಕೇ ತಡೆದರು.

"ಅದಲ್ಲ... ಕಾಲು ಮುರ್ಕೊಂಡ ತಾಯಿ ಪಾತ್ರದವರೇ ಕುಳಿತುಕೊಂಡು ಮಾಡ್ತಾರಂತೆ. ಸದಾನಂದಣ್ಣ ಫ್ರೀ ಇದ್ದಾರಾ ಕೇಳಿ ಹೇಳ್ತೀರಾ?"

ಕೇಳಿದೆ. ಕಲಾವಿದರು ಫ್ರೀ ಇದ್ದರು. ಈಗ ಅವರು ವೇದಿಕೆ ಹತ್ತುವ ದಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗುವವಳು ನಾನು. ಮೊನ್ನೆ ಒಬ್ಬರು ಗಿರಾಕಿ ನನ್ನನ್ನೇ ದಿಟ್ಟಿಸಿ ನೋಡಿದರು. ಅಂತೂ ಗುರುತು ಹಿಡಿದರಲ್ಲ ಎಂದು ಸೆರಗು ಸರಿಮಾಡಿಕೊಂಡೆ.

"ನೀವು ಆ ಪಕ್ಕದ ಮನೆಯವರ ಹೆಂಡತಿ ಅಲ್ವಾ?" ಎಂದರು.