ನಮ್ಮವರ ಪ್ಲೇಟಿಗೆ ಹೊಸ ಮೇಳ

ಸತ್ತವರ ಹಾಡಿಗೆ ಹೊಸ ಮೇಳ ಕೂಡಿಸುವುದು ಅಂಥ ಬ್ರಹ್ಮವಿದ್ಯೆಯೇನಲ್ಲ ಎಂದು ನಾನು ನಂಬಿದ್ದೆ. ನಮ್ಮವರು ನಾಟಕ ಕಂಪನಿಯಲ್ಲಿ ರಾಜನ ಪಾತ್ರ ಮಾಡಿ ಹಾಡುತ್ತಿದ್ದವರು. ಅವರು ತೀರಿಕೊಂಡ ಮೇಲೆ ಬಳ್ಳಾರಿಯ ನಮ್ಮ ಮನೆಯಲ್ಲಿ ಉಳಿದದ್ದು ನಾನು, ಒಂದು ಗ್ರಾಮಫೋನು, ಅವರ ದನಿಯಿದ್ದ ಒಂದೇ ಒಂದು ಪ್ಲೇಟು. ಸಂಜೆಯಾದರೆ ಅದನ್ನು ಹಚ್ಚಿಕೊಂಡು ಕೂರುತ್ತಿದ್ದೆ. ಮನೆಯಲ್ಲಿ ಇನ್ನೊಂದು ದನಿ ಇರಲಿಲ್ಲ.

ಒಂದು ದಿನ ಪಕ್ಕದ ಮನೆಯ ನಾಗಮ್ಮ ಗೋಡೆಯಾಚೆಯಿಂದ, "ಅಲ್ಲಬೇ ಯಕ್ಕಾ, ಹಿಂದ ಹಾರ್ಮೋನಿಯಂ ಪೇಟಿನೂ ಕೇಳಂಗಿಲ್ಲ, ತಬಲಾನೂ ಕೇಳಂಗಿಲ್ಲ. ಪಾಪ, ನಿಮ್ಮವರು ಒಬ್ರೇ ಬಾವ್ಯಾಗ ಕುಂತು ಹಾಡಿದಂಗ ಐತಿ" ಎಂದಳು.

ಒಬ್ಬರೇ! ನನಗೆ ಚುರುಕ್ಕೆಂದಿತು. ನಾನಂತೂ ಒಬ್ಬಳೇ ಇದ್ದೇನೆ, ಅವರಿಗಾದರೂ ಜೊತೆಯಿರಲಿ ಎಂದು ಸಿರುಗುಪ್ಪದಿಂದ ಕಂಪನಿಯ ಹಳೆಯ ಹಾರ್ಮೋನಿಯಂ ಮಾಸ್ತರರನ್ನೂ, ಕುರುಗೋಡಿನಿಂದ ಮದುವೆಗಳಲ್ಲಿ ಕ್ಲಾರಿಯೊನೆಟ್ ಊದುವ ಹುಸೇನಸಾಬನನ್ನೂ ಕರೆಸಿದೆ. ಪ್ಲೇಟು ತಿರುಗುತ್ತಿರಲಿ, ಇವರು ಜೊತೆಗೆ ನುಡಿಸಲಿ. ಇಷ್ಟೇ ನನ್ನ ಮಹಾಯೋಜನೆ! ಓಣಿಯವರೆಲ್ಲ ಬಂದು ಕೂತರು.

ಮೊದಲು ಶ್ರುತಿಯ ಜಗಳ. "ಅವರ ಶ್ರುತಿ ನನ್ನ ಕೊಳವಿಗೆ ಸೇರವಲ್ದು. ಒಂಚೂರು ಏರಿಸ್ರಿ ಅಮ್ಮಾರ" ಎಂದ ಹುಸೇನಸಾಬ. ಗ್ರಾಮಫೋನಿನ ವೇಗದ ತಿರುಪು ತಿರುಗಿಸಿದೆ. ರಾಜ ಮೀಸೆ ಬೋಳಿಸಿಕೊಂಡು ರಾಣಿಯಾದ! ಹಿಂದಕ್ಕೆ ತಿರುಗಿಸಿದೆ. ಕೋಣ ಕೆಮ್ಮಿದಂತಾಯಿತು. ಕೊನೆಗೆ ಹುಸೇನಸಾಬ ಕ್ಲಾರಿಯೊನೆಟ್ ಕೆಳಗಿಟ್ಟು ಬರೀ ತಲೆಯಾಡಿಸುತ್ತ ಕುಳಿತ.

ಆಮೇಲೆ ಮಾಸ್ತರರ ಸರದಿ. ಕಂಪನಿಯ ಪದ್ಧತಿ ಗೊತ್ತಲ್ಲ: ನಟ ಒಂದು ಸಾಲು ಹಾಡಿ ನಿಲ್ಲಬೇಕು, ಪೇಟಿಯಲ್ಲಿ ಅದನ್ನೇ ನುಡಿಸಿ ಮುಗಿಸಬೇಕು, ಮುಂದಿನ ಸಾಲು ಆಮೇಲೆ. ಮಾಸ್ತರರು ಕಣ್ಣು ಮುಚ್ಚಿ ಮೊದಲ ಸಾಲು ನುಡಿಸಿ ಕಣ್ಣು ತೆರೆಯುವಷ್ಟರಲ್ಲಿ ನಮ್ಮವರು ನಾಲ್ಕನೆಯ ಸಾಲಿನಲ್ಲಿದ್ದರು!

"ನಿಲ್ಲಸ್ರೀ ಅವರನ್ನ! ನಂದು ಮುಗೀಲಿ!" ಮಾಸ್ತರರು ಸಿಟ್ಟಾದರು.

"ಸತ್ತವರನ್ನ ಹೆಂಗ ನಿಲ್ಲಸಲ್ರೀ?" ಎಂದೆ ನಾನು.

"ಬದುಕಿದ್ದಾಗ ದಿನಾ ನನ್ನ ಪೇಟಿಗೆ ನಿಲ್ಲತಿದ್ರು. ಈಗ್ಯಾಕ ಇಷ್ಟು ಅವಸರ?"

ಹಿರಿಯರ ಮಾತು ಮೀರಬಾರದಲ್ಲ. ಪ್ರತಿ ಸಾಲಿಗೂ ಮುಳ್ಳು ಎತ್ತಿ ಹಿಡಿದೆ, ಪೇಟಿ ಮುಗಿದೊಡನೆ ಇಳಿಸಿದೆ. ಜನ "ಭಲೇ!" ಎಂದರು. ನಾನು ಉಬ್ಬಿಹೋದೆ. ಆ ಉಬ್ಬಿನಲ್ಲೇ ಕೈ ಜಾರಿತು, ಮುಳ್ಳು ಪ್ಲೇಟಿನ ಮೇಲೆ ಕರ್ರೆಂದು ಗೀರಿತು.

"ಹೋಗಿ ಬರುವೆನು" ಎಂದರು ನಮ್ಮವರು. ಯುದ್ಧಕ್ಕೆ ಹೊರಟ ರಾಜ ರಾಣಿಗೆ ಹೇಳುವ ಸಾಲು. ಮತ್ತೆ "ಹೋಗಿ ಬರುವೆನು." ಮತ್ತೆ "ಹೋಗಿ ಬರುವೆನು." ಅಲ್ಲಿಂದ ಮುಂದೆ ಹೋಗಲೇ ಇಲ್ಲ!

"ಈಗ ದಾರೀಗೆ ಬಂದ್ರು ನೋಡ್ರಿ!" ಮಾಸ್ತರರು ಹಿಗ್ಗಿ ಅದೇ ಸಾಲನ್ನು ನುಡಿಸತೊಡಗಿದರು. ಜನ "ವನ್ಸ್ ಮೋರ್!" ಎಂದು ಕೂಗಿದರು. ಒಲ್ಲೆ ಎನ್ನುವ ಸ್ಥಿತಿಯಲ್ಲಿ ನಮ್ಮವರಿರಲಿಲ್ಲ. ನನಗೆ ಅಳು ಬಂತು. ಯಾರೂ ನೋಡಲಿಲ್ಲ, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

ಮೇಳದವರು ಅವರವರ ಊರಿಗೆ ಹೋದರು. ಗೀರು ನನ್ನ ಪಾಲಿಗೆ ಉಳಿಯಿತು. ಜೊತೆ ಮಾಡಿಕೊಡಲು ಹೋಗಿ ಗಂಡನ ಅರ್ಧ ಹಾಡು ನುಂಗಿದ ಜಾಣೆ ನಾನು! ನಾಟಕಕ್ಕೆಂದು ಊರೂರಿಗೆ ಹೋಗುವಾಗ ಒಂದು ದಿನವೂ ಹೇಳಿ ಹೋದವರಲ್ಲ ಅವರು. ಈಗ ಸಂಜೆಯಾದರೆ "ಹೋಗಿ ಬರುವೆನು" ಎಂದು ಹೇಳಿದ್ದೇ ಹೇಳಿದ್ದು. ಹೂಂ, ಹೋಗಿ ಬರ್ರಿ ಎಂದು ಮುಳ್ಳು ಎತ್ತಿದರೆ ಮುಗಿಯಿತು. ನನ್ನಂಥ ದಡ್ಡಿ, ಗ್ರಾಮಫೋನಿಗೆ ಕೊಟ್ಟ ಕೀಲಿ ಇಳಿದು ಅದು ತಾನಾಗಿ ನಿಲ್ಲುವ ತನಕ ಎತ್ತುವುದೇ ಇಲ್ಲ.